ಬಲೆಯ ಕೆಳಗೆ ಒಂದು ಗೇಣು

ಅಪ್ಪಾ,

ನೀನೇ ಗೆದ್ದೆ, ಸಮಾಧಾನವಾಯಿತೇ?

ಸ್ಟ್ರಾಬೆರಿ ಪಾತಿಗೆ ಹಕ್ಕಿ ಬಾರದಂತೆ ಹೊದಿಸುವ ಬಲೆಯನ್ನು ನೀನು ನೆಲದಿಂದ ಒಂದು ಗೇಣು ಎತ್ತಿಯೇ ಕಟ್ಟುತ್ತಿದ್ದೆ. ಆ ಸಂದಿಯಲ್ಲಿ ನೀಲಿ ನಾಲಿಗೆಯ ದಪ್ಪ ಹಲ್ಲಿ ನುಗ್ಗಿ ಹಣ್ಣು ತಿನ್ನುತ್ತದೆಂದು ನಾನು ಎಷ್ಟು ಜಗಳವಾಡಿದ್ದೆ! ನೀನು ಹೋದ ಮೇಲೆ ಬಲೆಯನ್ನು ನೆಲಕ್ಕೇ ಬಿಗಿದೆ. ಇವತ್ತು ಕ್ರಿಸ್‌ಮಸ್ ಪಾವ್ಲೋವಾ ಕೇಕಿನ ಮೇಲಿಡಲೆಂದು ಹಣ್ಣು ಕೊಯ್ಯಲು ಹೋದರೆ, ಒಂದನ್ನು ಬಿಟ್ಟು ಎಲ್ಲವನ್ನೂ ಬಸವನಹುಳುಗಳು ಕೊರೆದುಹಾಕಿದ್ದವು.

ಪಕ್ಕದ ಮನೆಯ ಮರ್ಲ್ ಅಜ್ಜಿ ಬೇಲಿಯಾಚೆಯಿಂದ ನಕ್ಕಳು. "ಹುಳ ತಿನ್ನೋ ಹಲ್ಲೀನೇ ಹೊರಗಿಟ್ಟಿದ್ದೀಯಲ್ಲೇ! ನಿಮ್ಮಪ್ಪ ಅದಕ್ಕೆ ನಾಲ್ಕು ಹಣ್ಣು ಸಂಬಳ ಕೊಡ್ತಿದ್ದ."

ಇದನ್ನು ನನಗೊಮ್ಮೆ ಬಾಯಿಬಿಟ್ಟು ಹೇಳಲು ನಿನಗೇನಾಗಿತ್ತು? ಹೇಳಹೊರಟಿದ್ದೆಯೇನೋ. ನಾನು ಮುಗಿಸಲು ಬಿಟ್ಟಿದ್ದರೆ ತಾನೇ.

ಬಲೆಯನ್ನು ಒಂದು ಗೇಣು ಎತ್ತಿ ಕಟ್ಟಿದ್ದೇನೆ. ಉಳಿದ ಆ ಒಂದು ಹಣ್ಣನ್ನು ಸಂದಿಯ ಬಳಿ ಇಟ್ಟು ಕಾಯುತ್ತಿದ್ದೇನೆ. ಹಲ್ಲಿ ಇನ್ನೂ ಬಂದಿಲ್ಲ.