ಎಂಟು ತಾಸಿನ ಮಿತಿ

೧೩ ಅಕ್ಟೋಬರ್ ೧೯೮೬, ಸೋಮವಾರ. ಹುಮನಾಬಾದ್

ಉಗುರು ನೋಡಿದ್ದಾಯಿತು. ಶಿಫ್ಟಿಗೆ ಬಂದವರೆಲ್ಲ ಗೇಟಿನ ಪಕ್ಕ ಕೈ ಚಾಚಿ ನಿಲ್ಲುತ್ತಾರೆ. ನಾನು ಜ್ಯೋತಿಷಿಯ ಹಾಗೆ ಒಬ್ಬೊಬ್ಬರ ಕೈ ಹಿಡಿದು ನೋಡುತ್ತೇನೆ. ಮೊದಲು ಉಗುರು, ಆಮೇಲೆ ತುಟಿ. ಕೆಂಪಗಿದ್ದರೆ ಒಳಗೆ, ನೀಲಿಗಟ್ಟಿದ್ದರೆ ಮನೆಗೆ. ಮೋರಖಂಡಿಯ ಹಣಮಂತನ ತುಟಿ ಇವತ್ತು ನೇರಳೆಹಣ್ಣು ತಿಂದವನ ಹಾಗಿತ್ತು. ವಾಪಸು ಕಳಿಸಿದೆ.

"ಏನೂ ಆಗಿಲ್ರಿ ಸಾಹೇಬ್ರ. ಜರಾ ತಲಿ ನೋಯಾಕತ್ತದ, ಅಷ್ಟ."

ತಲೆನೋವೇ ಮೊದಲು ಬರುವುದು ಮಹರಾಯ!

ನಾವು ಮಾಡುವುದು ನೈಟ್ರೋಅನಿಲೀನ್. ಬಣ್ಣದ ಕಾರ್ಖಾನೆಗಳಿಗೆ ಹೋಗುವ ಹಳದಿ ಪುಡಿ. ಮೈಗೆ ಸೇರಿದರೆ ರಕ್ತ ಉಸಿರು ಹೊರುವುದನ್ನು ಬಿಡುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಉಸಿರು ಮಾತ್ರ ಉಗುರಿನ ತನಕ ಮುಟ್ಟುವುದಿಲ್ಲ. ಕೈಗವಸು ಕೊಟ್ಟರೂ ಸೆಕೆ ಎಂದು ತೆಗೆದಿಡುತ್ತಾರೆ. ಎಲ್ಲರ ಅಂಗೈ ಹಳದಿ. ಊರಲ್ಲಿ ಇವರಿಗೆ ಅರಿಶಿಣದ ಮದುಮಕ್ಕಳು ಎಂದೇ ಹೆಸರು.

ಮ್ಯಾನೇಜರ್ ಕರೆದರು. ಭೋಪಾಲ್ ಆದಮೇಲೆ ಮುಂಬಯಿಯ ದೊಡ್ಡವರಿಗೆ ನಿದ್ದೆಯಿಲ್ಲವಂತೆ. ಗಾಳಿಯಲ್ಲಿ ನಮ್ಮ ಪುಡಿ ಎಷ್ಟಿದ್ದರೆ ಅಪಾಯವಿಲ್ಲ ಎಂದು ಒಂದು ಲಿಮಿಟ್ ಗೊತ್ತು ಮಾಡಬೇಕು, ಅಳೆದು ತೋರಿಸಬೇಕು. ಯಾರು? ಬಿ.ಎಸ್ಸಿ. ಪಾಂಡುರಂಗ. ಅಂದರೆ ನಾನು.

ಅವರು ಕೊಟ್ಟ ಪಟ್ಟಿಯಲ್ಲಿ ಘನಮೀಟರ್ ಗಾಳಿಗೆ ಮೂರು ಮಿಲಿಗ್ರಾಂ, ದಿನಕ್ಕೆ ಎಂಟು ತಾಸು. ನಾನು ಎರಡು ಎನ್ನುತ್ತೇನೆ. ಹಣಮಂತನ ತುಟಿ ಪಟ್ಟಿಗಿಂತ ದೊಡ್ಡ ಸಾಕ್ಷಿ.

೧೯ ಅಕ್ಟೋಬರ್, ರವಿವಾರ. ಮೋರಖಂಡಿ

ಹೆಂಡತಿಯನ್ನು ನೋಡಲು ಬಂದೆ. ಗಯಾಬಾಯಿ ಚೊಚ್ಚಲಿಗೆ ತವರಿಗೆ ಬಂದಿದ್ದಾಳೆ. ಕಲ್ಯಾಣದ ನಮ್ಮ ಮನೆಗೆ ಬೀಗ. ನಾನು ಹುಮನಾಬಾದಿನ ಖೋಲಿಯಲ್ಲಿ ಅರೆಬೆಂದದ್ದು ತಿಂದು ಕಡ್ಡಿಯಾಗಿದ್ದೇನೆ, ಅವಳು ದುಂಡಗಾಗಿದ್ದಾಳೆ.

ಅತ್ತೆ ಸರುಬಾಯಿ ನನ್ನ ಎದುರಿಗೆ ಬರುವುದಿಲ್ಲ. ಅಳಿಯನಿಗೆ ಮುಖ ತೋರಿಸಬಾರದು, ನೇರವಾಗಿ ಮಾತಾಡಬಾರದು — ಈ ಮನೆಯ ರೀತಿ. ಮದುವೆಯಾಗಿ ಎರಡು ವರ್ಷವಾಯಿತು, ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುತ್ತಾರೆ, ಮಗಳು ನನಗೆ ದಾಟಿಸುತ್ತಾಳೆ. ಮಧ್ಯೆ ಇರುವುದು ಎರಡು ಮೊಳ.

"ಗಯಾ, ಅವರ ಕಂಪನ್ಯಾಗ ದಪ್ಪ ಅರಿವಿ ಸಿಗ್ತದಂತ. ಹಣಮಂತನ ಹೆಣ್ತಿ ತೋರಿಸಿದ್ಲು. ಕೂಸಿನ ಕೌದಿಗಿ ಒಂದು ತುಂಡು ತರ್ತಾರೇನು ಕೇಳು."

"ತರ್ತಾರ ಅಂತ ಹೇಳು," ಎಂದೆ.

"ತರ್ತಾರಂತ," ಎಂದಳು ಗಯಾ, ಬಾಗಿಲಿಗೆ. ನಗು ತಡೆಯಲಾಗಲಿಲ್ಲ ಅವಳಿಗೆ.

ಅದು ಫಿಲ್ಟರ್ ಬಟ್ಟೆ. ಪುಡಿ ಸೋಸಿ ಸೋಸಿ ಹಳೆಯದಾದರೆ ಬಿಚ್ಚಿ ಹಾಕುತ್ತೇವೆ. ಜನ ಒಯ್ದು ಚೀಲ, ಪರದೆ, ಏನೇನೋ ಮಾಡಿಕೊಳ್ಳುತ್ತಾರೆ. ಗಟ್ಟಿ ಬಟ್ಟೆ, ಸುಡುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ.

೩ ನವೆಂಬರ್, ಸೋಮವಾರ. ಹುಮನಾಬಾದ್

ಇಡೀ ದಿನ ಫಿಲ್ಟರಿನ ಆಳು ಗೌಸನ ಸೊಂಟಕ್ಕೆ ಪಂಪು ಕಟ್ಟಿ, ಕಾಲರಿಗೆ ನಳಿಕೆ ಸಿಕ್ಕಿಸಿ ಅಳೆದೆ. ಅವನು ಎಳೆದ ಗಾಳಿಯಲ್ಲಿ ೨.೬.

"ಮೂರರ ಒಳಗಿದೆಯಲ್ಲ, ಮತ್ತೇನು?" ಎಂದರು ಮ್ಯಾನೇಜರ್.

"ಪಟ್ಟಿ ಮಾಡಿದವರು ನಮ್ಮ ಹಣಮಂತನನ್ನು ನೋಡಿಲ್ಲ ಸರ್."

ಜಗಳವೇ ಆಯಿತು. ಕೊನೆಗೆ ಎರಡು ದೊಡ್ಡ ಫ್ಯಾನು, ಡ್ರಮ್ಮುಗಳಿಗೆ ಮುಚ್ಚಳ ಒಪ್ಪಿದರು. ಗೆದ್ದೆ ಅನಿಸಿತು.

ಸಂಜೆ ಗೌಸ ಫಿಲ್ಟರ್ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿ, ಬಂಡೆಗೆ ಬಡಿದು ಎರಡು ತುಂಡು ಮಾಡಿದ. ಒಂದು ನನಗೆ, ಒಂದು ಅವನಿಗೆ. ಅವನ ಮಗಳು ತಾಹೇರಾಗೂ ಮಾರ್ಚಿನಲ್ಲಿ ಹೆರಿಗೆ.

"ನಿಮ್ಮ ಕೂಸು, ನನ್ನ ಮೊಮ್ಮಗ — ಎರಡೂ ಒಂದ ಥಾನಿನ ಅರಿವ್ಯಾಗ ಮಲಗ್ತಾವ ನೋಡ್ರಿ ಸಾಬ್!"

ಹಳದಿ ಪೂರ್ತಿ ಬಿಟ್ಟಿಲ್ಲ. ಮೂಸಿ ನೋಡಿದೆ. ಬರೀ ಸೋಡಾದ ವಾಸನೆ.

೨೩ ನವೆಂಬರ್, ರವಿವಾರ. ಮೋರಖಂಡಿ

ಕೌದಿ ಮುಗಿಯುತ್ತ ಬಂದಿದೆ. ಮೇಲೆ ಗಯಾಳ ಲಂಗ, ಅತ್ತೆಯ ಇಳಕಲ್ ಸೀರೆ, ನನ್ನ ಹರಿದ ಅಂಗಿಯ ಚೂರುಗಳು. ಕೂಸಿನ ಮೈಗೆ ತಾಗುವ ಒಳಪದರ ನಾನು ತಂದದ್ದು, ಮೆತ್ತಗಿದೆ. ಬಣ್ಣ ಅತ್ತೆಗೆ ಬಹಳ ಹಿಡಿಸಿದೆ.

"ಅರಿಶಿಣ ಬಣ್ಣ ಬಂದದ. ಕೂಸಿಗಿ ಚಲೋ ಅಂತ ಹೇಳು, ಗಯಾ."

ಕೊನೆಯ ಮೂಲೆ ಹೊಲಿಯುವ ಮೊದಲು ನಾಲ್ಕು ಕಾಳು ಜೋಳ ಒಳಗೆ ಹಾಕಿದರು. ಕೌದಿ ಹಸಿದಿರಬಾರದಂತೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. "ಹೊಟ್ಟೆ ತುಂಬಿತೇನು ಕೇಳು" ಎಂದೆ ಗಯಾಗೆ. ಬಾಗಿಲ ಹಿಂದೆ ಅತ್ತೆ ನಕ್ಕದ್ದು ಕೇಳಿಸಿತು.

೯ ಡಿಸೆಂಬರ್, ಮಂಗಳವಾರ. ಹುಮನಾಬಾದ್

ಹೆಣ್ಣು!! ಗಯಾಳ ತಮ್ಮ ಮಚ್ಚೇಂದ್ರ ಮೊದಲ ಬಸ್ಸಿಗೆ ಬಂದು ಹೇಳಿದ. ಇಬ್ಬರೂ ಆರಾಮ. ಲ್ಯಾಬಿನಲ್ಲಿ ಎಲ್ಲರಿಗೂ ಪೇಡೆ. ಇವತ್ತು ತೂಗಿದ್ದೆಲ್ಲ ತಪ್ಪಾಗಿರಬಹುದು, ಇರಲಿ.

೨೧ ಡಿಸೆಂಬರ್, ರವಿವಾರ. ಮೋರಖಂಡಿ

ತೊಟ್ಟಿಲಿಗೆ ಹಾಕಿದರು. ಸಖುಬಾಯಿ — ನನ್ನ ತೀರಿಕೊಂಡ ಅವ್ವನ ಹೆಸರು. ಹೆಸರೇ ಅವಳಿಗಿಂತ ಉದ್ದವಿದೆ. ಇವತ್ತಿನಿಂದ ಹೊಸ ಕೌದಿ. ಅಭ್ಯಾಸಬಲ, ಅವಳ ಉಗುರು ನೋಡಿದೆ. ಅಕ್ಕಿಕಾಳಿನಷ್ಟಿವೆ. ಗುಲಾಬಿ. ಪಾಸು, ಒಳಗೆ ಬಿಡಬಹುದು ಎಂದೆ. ಗಯಾ ಹಣೆ ಚಚ್ಚಿಕೊಂಡಳು.

೫ ಜನವರಿ ೧೯೮೭, ಸೋಮವಾರ. ಹುಮನಾಬಾದ್

೧.೪! ಮೂರು ಸಲ ಅಳೆದೆ. ಮುಂಬಯಿಯವರು ಎರಡನ್ನು ಒಪ್ಪಿದ್ದಾರೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆಸುತ್ತಾರಂತೆ. ನನ್ನ ಅಂಕಿ. ಮ್ಯಾನೇಜರ್ ಬೆನ್ನು ತಟ್ಟಿದರು.

ಈ ಗಡಿಬಿಡಿಯಲ್ಲಿ ಎರಡು ರವಿವಾರ ಮೋರಖಂಡಿಗೆ ಹೋಗಲಾಗಿಲ್ಲ. ಗಯಾ ಸಿಟ್ಟಾಗಿರುತ್ತಾಳೆ.

೧೧ ಜನವರಿ, ರವಿವಾರ. ಮೋರಖಂಡಿ

ಬೆಳಿಗ್ಗೆ ೯ — ವಿಪರೀತ ಥಂಡಿ. ಸಖು ಮಂಕಾಗಿದ್ದಾಳೆ. ತುಟಿ ನೀಲಿ. ಉಗುರೂ.

"ಥಂಡಿಗಿ ಆಗ್ಯದರಿ," ಎಂದಳು ಗಯಾ. "ಎರಡು ದಿನ ಆತು. ಅವ್ವ ಬಿಸಿ ಬೂದಿ ಶಾಖ ಕೊಡಾಕತ್ತಾಳ. ಕೌದಿ ಬಿಟ್ಟು ಹೊರಗ ತಗದೇ ಇಲ್ಲ."

ಥಂಡಿಯೇ ಇರಬೇಕು. ಆ ನೀಲಿ ಇಲ್ಲಿಗೆ ಎಲ್ಲಿಂದ ಬರಬೇಕು? ಹುಮನಾಬಾದ್ ಎಲ್ಲಿ, ಮೋರಖಂಡಿ ಎಲ್ಲಿ. ಹಗಲೂ ರಾತ್ರಿ ಕಾರ್ಖಾನೆಯನ್ನೇ ತಲೆಯಲ್ಲಿಟ್ಟುಕೊಂಡರೆ ಹೀಗೇ. ನಾನೇ ಕೌದಿಯನ್ನು ಬಿಗಿಯಾಗಿ ಸುತ್ತಿ ಎದೆಗವಚಿಕೊಂಡು ಕೂತೆ.

ಮಧ್ಯಾಹ್ನ — ಹಾಲು ಹಿಡಿಯುತ್ತಿಲ್ಲ. ಮಚ್ಚೇಂದ್ರ ಜೀಪು ತರಲು

೨೯ ಜನವರಿ, ಗುರುವಾರ. ಹುಮನಾಬಾದ್

ಸಖು ಹೋದಳು. ಅವತ್ತೇ.

ಕಲ್ಯಾಣದ ಡಾಕ್ಟರು ರಕ್ತ ತೆಗೆದರು. ಸಿರಿಂಜಿನಲ್ಲಿ ಬಂದದ್ದು ಕೆಂಪಲ್ಲ, ಕಾಕಂಬಿಯ ಬಣ್ಣ. ಅವರು ಅದನ್ನೇ ನೋಡುತ್ತ ನಿಂತರು. ನನಗೆ ಗೊತ್ತಾಗಿಬಿಟ್ಟಿತು. ಕೌದಿಯ ಒಳಮೈ ಮುಟ್ಟಿ ನೋಡಿದೆ. ಬೆವರಿಗೆ, ಉಚ್ಚೆಗೆ ಹಸಿಯಾದ ಹಳದಿ. ನನ್ನ ಬೆರಳಿಗೂ ಹತ್ತಿತು. ನೀರಿಗೆ ಸರಿಯಾಗಿ ಕರಗದ ಪುಡಿ ಅದು. ಕುದಿಸಿದರೂ ನೂಲು ಬಿಡುವುದಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ.

ಮದ್ದಿನ ಹೆಸರು ಹೇಳಿದೆ. ಬೀದರಿನಲ್ಲಿ ಸಿಗಬಹುದು ಎಂದರು. ಜೀಪಿನಲ್ಲಿ ಕೌದಿ ಕಿತ್ತು ಕಾಲಡಿಗೆ ಹಾಕಿ, ಅಂಗಿ ಬಿಚ್ಚಿ ಸುತ್ತಿದೆ. "ಇಂಥಾ ಗಾಳ್ಯಾಗ ಕೂಸಿನ ಮೈ ಯಾಕ ಬರೇ ಮಾಡ್ತೀರಿ?" ಗಯಾ ನನ್ನ ಕೈ ಪರಚಿದಳು. ನಾನು ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದೆ. ನಮ್ಮ ಕಾರ್ಖಾನೆಯ ಚಿಮಣಿ ಕಾಣುವ ಹೊತ್ತಿಗೆ ಸಖು ಉಸಿರು ಬಿಟ್ಟಿದ್ದಳು.

ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಕೌದಿಯನ್ನೂ ಜೊತೆಗೇ ಹಾಕಿರಬೇಕು. ನೋಡಲು ಆಗಲಿಲ್ಲ.

ಎಲ್ಲರೂ ಹೇಳುವುದು ಒಂದೇ: ಕೌದಿ ತೆಗೆದ, ಥಂಡಿ ಹೊಡೆಯಿತು. ಬಾಗಿಲ ಹಿಂದಿನಿಂದ ಅತ್ತೆಯೂ ಕೇಳಿದರು — "ಗಯಾ, ಕೌದಿ ಯಾಕ ತಗದ್ರು ಅಂತ ಕೇಳು." ಗಯಾ ನನಗೆ ದಾಟಿಸಲಿಲ್ಲ. ದಾಟಿಸುವುದೇನು, ಎರಡೇ ಮೊಳ, ನನಗೆ ಕೇಳಿಸಿತ್ತು.

ಸುಮ್ಮನಿದ್ದೆ. ಥಂಡಿಯೇ ಇರಲಿ. ಅಳಿಯನನ್ನು ಶಪಿಸುತ್ತ ಆ ಮುದುಕಿ ಹೇಗೋ ಬದುಕುತ್ತಾಳೆ. ತಾನು ಹೊಲಿದದ್ದೇ ಎಂದು ಗೊತ್ತಾದರೆ? ದಿನಾ ತಾನೇ ಸುತ್ತಿ ಮಲಗಿಸಿದೆ ಎಂದು ಗಯಾಗೆ ಗೊತ್ತಾದರೆ? ತಂದುಕೊಟ್ಟವನು ನಾನು. ನನ್ನೊಬ್ಬನಿಗೇ ಗೊತ್ತಿರಲಿ.

೨ ಫೆಬ್ರವರಿ, ಸೋಮವಾರ

ಡ್ಯೂಟಿಗೆ ಬಂದೆ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಎರಡು. ತಲೆ ಎತ್ತದೆ ಅದರ ಕೆಳಗೆ ಹಾದು ಹೋದೆ.

ಪಟ್ಟಿ ತೆಗೆದು ನೋಡಿದೆ. ಅಂಕಿಯ ಪಕ್ಕ ಸಣ್ಣದಾಗಿ 'ಸ್ಕಿನ್' ಎಂದಿದೆ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಹುಷಾರು, ಎಂದು. ಅದನ್ನು ಓದಿಯೇ ಕೈಗವಸು ತರಿಸಿದ್ದೆ. ನನ್ನ ಬುದ್ಧಿ ಕೈಗವಸಿನ ತನಕ ಹೋಗಿ ನಿಂತಿತ್ತು. ಬೆಳೆದ ಆಳು, ಎಂಟು ತಾಸು ಕೆಲಸ, ಆಮೇಲೆ ಮನೆಗೆ ಹೋಗಿ ಮೈ ತೊಳೆದುಕೊಂಡು ಒಳ್ಳೆಯ ಗಾಳಿ ಕುಡಿಯುತ್ತಾನೆ — ಆ ಲೆಕ್ಕದ ಅಂಕಿ ಅದು. ನನ್ನ ಸಖು ಇಪ್ಪತ್ತನಾಲ್ಕು ತಾಸೂ ಡ್ಯೂಟಿಯಲ್ಲಿದ್ದಳು.

ಫಿಲ್ಟರ್ ಬಟ್ಟೆ ಹೊರಗೆ ಬಿಡಬಾರದು, ಸುಡಬೇಕು ಎಂದೆ ಮ್ಯಾನೇಜರಿಗೆ.

"ಯಾಕೆ, ಏನಾಯಿತು?"

ಕಾರಣ ಹೇಳದೆ, ಸುಡಲೇಬೇಕು ಎಂದಷ್ಟೇ ಅಂದೆ.

"ಗೇಟಿನ ಹೊರಗಿನದಕ್ಕೆ ನಮ್ಮ ಲಿಮಿಟ್ ಇಲ್ಲ ಪಾಂಡುರಂಗ. ಇನ್ನೂ ನಾಲ್ಕು ದಿನ ರಜೆ ಬೇಕಾದರೆ ತಗೊಳ್ಳಿ."

ಆಳುಗಳಿಗಾದರೂ ಹೇಳಬೇಕು. ಹೇಳಿದರೆ ಹಣಮಂತನ ಬಾಯಿಂದ ಸಂಜೆಗೇ ಮೋರಖಂಡಿ ಮುಟ್ಟುತ್ತದೆ. ಗೌಸನ ಮನೆಯ ತುಂಡು... ತಾಹೇರಾಳ ಹೆರಿಗೆ ಮಾರ್ಚಿಗೆ. ಇನ್ನೂ ವೇಳೆ ಇದೆ. ಏನಾದರೂ ನೆಪ ಹುಡುಕಿ ಹೇಳುತ್ತೇನೆ.

೧೫ ಫೆಬ್ರವರಿ, ರವಿವಾರ. ಮೋರಖಂಡಿ

ಗಯಾಳನ್ನು ಕಲ್ಯಾಣಕ್ಕೆ ಕರೆದೊಯ್ಯಲು ಬಂದೆ. ಬಾಗಿಲ ಹಿಂದೆ ಸದ್ದಿಲ್ಲ.

"ಅವ್ವ ಮಕ್ಕೊಂಡಾಳ," ಎಂದಳು ಗಯಾ. "ತಲಿನೋವಂತ ಏಳಂಗೇ ಇಲ್ಲ. ಹಗಲೀ ರಾತ್ರೀ ಅದ ಕೌದಿ ಹೊತ್ಕೊಂಡು ಬಿದ್ದಿರ್ತಾಳ."

"ಯಾವ ಕೌದಿ?"

"ಕೂಸಿಂದ. ಮಣ್ಣಾಗ ಹಾಕಾಕ ಕೊಡಲಿಲ್ಲ ಆಕಿ."

ಹೊಸ್ತಿಲು ದಾಟಿದೆ. ಈ ಮನೆಯಲ್ಲಿ ಮೊದಲ ಸಲ ಆ ಬಾಗಿಲ ಆಚೆ ಹೋದದ್ದು. ಸರುಬಾಯಿ ಕೌದಿಯನ್ನು ಗಲ್ಲದ ತನಕ ಎಳೆದುಕೊಂಡು ಮಲಗಿದ್ದರು. ನನ್ನನ್ನು ಕಂಡು ಸೆರಗು ಹುಡುಕಿದರು. ಆ ಕೈ ಹಿಡಿದೆ, ಬೆಳಕಿಗೆ ತಿರುಗಿಸಿದೆ. ಉಗುರು ನೀಲಿ.

"ಅವ್ವಾ, ಈ ಕೌದಿ ನನಗ ಕೊಡ್ರಿ."

ಅವರು ನನ್ನ ಮುಖ ನೋಡಿದರು. ಮೊದಲ ಸಲ ನನಗೇ ಹೇಳಿದರು.

"ಕೊಡಂಗಿಲ್ರಿ. ಕೂಸಿನ ವಾಸನಿ ಇದರಾಗ ಅಷ್ಟ ಉಳದದ. ಅವತ್ತ ತಗದ್ರಿ, ಸಾಕಾಗಲಿಲ್ಲೇನು?"

ಹೇಳಿದೆ. ಪುಡಿ, ಬಟ್ಟೆ, ಸೋಡಾ, ರಕ್ತದ ಬಣ್ಣ, ಎಲ್ಲ. ತಂದವನು ನಾನು, ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ ಎಂದು ಎಷ್ಟು ಸಲ ಹೇಳಿದೆನೋ.

ಅವರು ಕತ್ತರಿ ಕೇಳಿದರು. ಗಯಾ ಕೊಟ್ಟಳು. ಕೊನೆಯ ಮೂಲೆಯ ಹೊಲಿಗೆ ಬಿಚ್ಚಿದರು. ನಾಲ್ಕು ಕಾಳು ಜೋಳ ಅಂಗೈಗೆ ಬಿದ್ದವು.

"ಹಸದಿರಬಾರದಂತ ನನ್ನ ಕೈಯಾರ ಉಣಿಸಿದ್ನಲ್ಲೋ ಯಪ್ಪಾ ಇದಕ್ಕ..."

ನಾನು ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಅವತ್ತು ಬಾರದ ಅಳು.

ಗಯಾ ಅಳಲಿಲ್ಲ. ಬಾಗಿಲಿಗೊರಗಿ ನಿಂತಿದ್ದಳು. "ನಿಮಗ ಯಾವಾಗ ಗೊತ್ತಾತು?"

"ಡಾಕ್ಟರ ಹತ್ತಿರ. ಅವತ್ತೇ."

"ಇಷ್ಟು ದಿನ ನಮ್ಮವ್ವ ಇದನ್ನ ಹೊತ್ಕೊಂಡು ಮಕ್ಕೊಂಡಿದ್ಲು."

ಅಷ್ಟೇ ಅಂದದ್ದು. ಕಲ್ಯಾಣಕ್ಕೆ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಹಿತ್ತಲಲ್ಲಿ ಕೌದಿ ಸುಟ್ಟೆವು. ಗಾಳಿಯ ಎದುರು ನಿಲ್ಲಬೇಡಿ ಎಂದು ಇಬ್ಬರನ್ನೂ ದೂರ ಸರಿಸಿದೆ. ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಮಚ್ಚೇಂದ್ರನಿಗೆ ಹೇಳಿ ಹೊರಟೆ. ಕಡೆಯ ಬಸ್ಸು ಸಿಕ್ಕಿತು.

೧೬ ಫೆಬ್ರವರಿ, ಸೋಮವಾರ. ಹುಮನಾಬಾದ್, ಬೆಳಿಗ್ಗೆ

ಎಲ್ಲರೂ ಕೈ ಚಾಚಿ ನಿಂತರು. ಇವತ್ತು ಉಗುರು ಆಮೇಲೆ ಎಂದೆ. ಫಿಲ್ಟರ್ ಬಟ್ಟೆ ಯಾರ ಯಾರ ಮನೆಯಲ್ಲಿದೆ, ನಾಳೆ ಅಷ್ಟೂ ವಾಪಸು ಬರಬೇಕು ಎಂದೆ. ಯಾಕೆಂದೂ ಹೇಳಿದೆ. ನನ್ನ ಮಗಳ ಹೆಸರು ಹೇಳಿಯೇ ಹೇಳಿದೆ.

ಸಾಲಿನಲ್ಲಿ ಗೌಸ ಇರಲಿಲ್ಲ.

"ಬಂದಿಲ್ರಿ ಸಾಹೇಬ್ರ," ಎಂದ ಹಣಮಂತ. "ಮೊನ್ನಿ ತಾಹೇರಾಗ ಗಂಡು ಕೂಸಾಗ್ಯಾದ. ದಿನಾ ತುಂಬಿರಲಿಲ್ಲಂತ, ಭಾಳ ಸಣ್ಣದು... ಬೆಚ್ಚಗ ಸುತ್ತಿ ಇಟ್ಟಾರಂತ."

ಅವನ ಸೈಕಲ್ ಕೇಳಿದ್ದೇನೆ, ತರಲು ಓಡಿದ್ದಾನೆ. ಗೌಸನ ಮನೆ ಬಜಾರಿನ ಆಚೆ. ಬಂತು ಸೈಕಲ್ —