ಸಂಕಷ್ಟಿಯ ದಿನ ಆ್ಯಪ್‌ಗೆ ಇಡ್ಲಿ ತಿನ್ನಿಸಿದವಳ ಅಹವಾಲು

ಮಧುಮೇಹಿಗಳ ಆ್ಯಪ್ ನೋಡಿಕೊಳ್ಳುವ ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಆ್ಯಪ್‌ನಲ್ಲಿ ಬೆಳಗಿನ ತಿಂಡಿ ಇದೆ, ಮಧ್ಯಾಹ್ನದ ಊಟ ಇದೆ, ಸಂಜೆಗೆ ಓಟ್ಸ್ ಬಿಸ್ಕತ್ತೂ ಇದೆ. ಉಪವಾಸ ಮಾತ್ರ ಇಲ್ಲ. ಸಕ್ಕರೆ ಕಾಯಿಲೆ ಬಂದವರು ಬೈಂದೂರು ತಾಲೂಕಿನಲ್ಲಿ ದೇವರನ್ನು ಬಿಟ್ಟಿದ್ದಾರೆಂದು ನಿಮಗೆ ಹೇಳಿದವರು ಯಾರು?

ನಾನು ಬಿಜೂರಿನ ಹೊಸ ಸೊಸೆ. ಕೈಯ ಮೆಹಂದಿ ಇನ್ನೂ ಪೂರ್ತಿ ಮಾಸಿಲ್ಲ. ಗಂಡ ಪ್ರಜ್ವಲ್ ಕೆಮ್ಮಿದರೂ ಸಂಗೀತವೆನಿಸುವ ಕಾಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕೆಸುವಿನೆಲೆಯ ಪತ್ರೊಡೆ ಸುತ್ತಲು ಬಾರದು. ಹಾಗಾಗಿ ಈ ಮನೆಯಲ್ಲಿ ನನ್ನ ಏಕೈಕ ಪ್ರತಿಭೆ, ಅತ್ತೆ ಕುಸುಮಾವತಿಯವರ ಊಟದ ವಿವರವನ್ನು ನಿಮ್ಮ ಆ್ಯಪ್‌ಗೆ ತುಂಬುವುದು. ಒಂದು ಹೊತ್ತು ತುಂಬಿದರೆ ಒಂದು ಹಸಿರು ನಕ್ಷತ್ರ. ಆಹಾ, ಆ ನಕ್ಷತ್ರಗಳು! ಅತ್ತೆಯ ಸಕ್ಕರೆಗಿಂತ ವೇಗವಾಗಿ ನನ್ನ ಜಂಬ ಏರಿತು.

ಸಂಕಷ್ಟಿಯಂದು ಅತ್ತೆ ಚಂದ್ರನನ್ನು ನೋಡುವವರೆಗೆ ಉಣ್ಣುವುದಿಲ್ಲ. ಖಾಲಿ ಬಿಟ್ಟರೆ ಆ್ಯಪ್ ಕೆಂಪಗಾಗಿ ಗೊಣಗುತ್ತದೆ. ನಕ್ಷತ್ರ ತಪ್ಪಬಾರದೆಂದು ಮಧ್ಯಾಹ್ನಕ್ಕೆ ‘ಇಡ್ಲಿ’ ಒತ್ತಿದೆ. ಸಂಜೆ ‘ಊಟಕ್ಕೆ ಮೊದಲಿನ ಮಾತ್ರೆ’ ಎಂದು ಅದು ಕೂಗಿತು. ನಾನು ಮಾತ್ರೆ ಹಿಡಿದು ನಿಂತೆ. ಹೊಸ ಸೊಸೆ ಕೈಯಾರೆ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆಂದು ಅತ್ತೆ ನುಂಗಿದರು. ಹೊರಗೆ ಮೋಡ. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆಯಿಂದ ಸಕ್ಕರೆ ಕುಸಿದು, ಸ್ವಲ್ಪ ಹೊತ್ತಿಗೆ ಅವರ ಕೈ ನಡುಗತೊಡಗಿತು, ಮೈಯೆಲ್ಲ ಬೆವರು.

“ಹ್ವಾಯ್, ಬೇಗ ಬನ್ನಿ!” ಎಂದು ಗಂಡನನ್ನು ಕೂಗಿ, ಸಕ್ಕರೆ ನೀರು ತಂದೆ.

“ಚಂದ್ರನ್ನ ಕಾಣ್ದೆ ನಾನ್ ಸಕ್ರಿ ನೀರ್ ಕುಡಿತಿಲ್ಲೆ,” ಎಂದರು ಅತ್ತೆ.

“ಮೋಡ ಇತ್ತಲೆ ಅತ್ತೆ!”

“ನಿನ್ ಫೋನಗೆ ಚಂದ್ರ ಕಾಂತಿಲ್ಯಾ ಹೆಣೆ?”

ನಡುಗುವಾಗಲೂ ಕುಟುಕು! ಪ್ರಜ್ವಲ್ ದೇವರ ಮುಂದಿದ್ದ ಬೆಲ್ಲದ ಪಂಚಕಜ್ಜಾಯ ತಂದರು. “ಅಮ್ಮ, ಗಣಪತಿ ಪ್ರಸಾದ. ಇದನ್ನೂ ಬ್ಯಾಡ ಅಂತ್ಯಾ?”

ಅತ್ತೆ ಕಣ್ಣಿಗೊತ್ತಿಕೊಂಡು ತಿಂದರು. ನಡುಕ ಇಳಿಯಿತು. ಆ ಬೆಲ್ಲವನ್ನು ಪ್ರಾಮಾಣಿಕವಾಗಿ ದಾಖಲಿಸಿದೆ ನೋಡಿ, ಆ್ಯಪ್ ನಕ್ಷತ್ರ ಕಿತ್ತುಕೊಂಡಿತು. ಸುಳ್ಳು ಇಡ್ಲಿಗೆ ಬಹುಮಾನ, ಜೀವ ಉಳಿಸಿದ ಪ್ರಸಾದಕ್ಕೆ ದಂಡ. ಇದಾವ ನ್ಯಾಯ?

ಈಗ ಅತ್ತೆ ಹೆದರಿ ಮಾತ್ರೆಯನ್ನೇ ಬಿಟ್ಟಿದ್ದಾರೆ. ಸಕ್ಕರೆ ಮತ್ತೆ ಏರುತ್ತಿದೆ. ಮುಂದಿನ ಸಂಕಷ್ಟಿಯೊಳಗೆ ‘ಇಂದು ಉಪವಾಸ’ ಎಂಬ ಒಂದು ಗುಂಡಿ ಕೊಡಿ. ಅದನ್ನು ಒತ್ತಿದ ದಿನ ಆ್ಯಪ್ ಮಾತ್ರೆಗೆ ಕೂಗದೆ, ‘ಡಾಕ್ಟರನ್ನು ಕೇಳಿದಿರಾ?’ ಎನ್ನಲಿ. ನನ್ನ ಪಾಲಿನ ಕೆಲಸ ನಾನು ಮಾಡುತ್ತೇನೆ: ನಾಳೆ ಅತ್ತೆಯನ್ನು ಕುಂದಾಪುರದ ಡಾಕ್ಟರ ಬಳಿ ಕರೆದೊಯ್ದು ಎಲ್ಲ ಒಪ್ಪಿಕೊಳ್ಳುತ್ತೇನೆ. ಅಡ್ಡಿಯಿರುವುದು ಅತ್ತೆಯದೇ. “ನಿನ್ ಹೆಸ್ರ್ ಹೇಳೂದ್ ಬ್ಯಾಡ. ನಾನೇ ಮರ್ತ್ ನುಂಗಿದ್ದ್ ಅಂತ ಹೇಳ್ತೆ,” ಎಂದು ಈಗಲೇ ಅಭ್ಯಾಸ ಮಾಡುತ್ತಿದ್ದಾರೆ.

ಇಂತಿ,
ಅತ್ತೆಯ ಆ ಸುಳ್ಳಿಗೆ ಅರ್ಹಳಲ್ಲದ ಸೊಸೆ,
ಬಿಜೂರು