ಹೊರದಿಬ್ಬ ತೆರೆಯುವ ದಿನ

ಜನವರಿ 20, ಮಧ್ಯಾಹ್ನ

ಸಮುದ್ರದ ಇಳಿತ ಚೆನ್ನಾಗಿತ್ತು. ಮಂಡಿಯುದ್ದ ನೀರಲ್ಲಿ ನಿಂತು ಗೋರೆ ಎಳೆದದ್ದಾಯಿತು. ಚಿಪ್ಪು ದಪ್ಪದಪ್ಪ. ಮಂಡಿ ಎಂದಿನಂತೆ ಗೊಣಗಿತು, ಕೇಳಿಸಿಕೊಳ್ಳಲಿಲ್ಲ. ಪೆರೆಗ್ರಿನಾ ದಾರಿಯುದ್ದಕ್ಕೂ ಅದೇ ರಾಗ — "ಅಮಾದೋರ್ ಮೇಷ್ಟ್ರು ಬಾಯಿ ಬಿಟ್ರೇನೇ ದೋಸಿ?" ನಮ್ಮ ಚಿಪ್ಪು ಹೆಕ್ಕುವ ಹೆಂಗಸರ ಸಂಘಕ್ಕೆ ಅವಳೇ ಯಜಮಾನಿ. ಎಲ್ಲರ ಮನೆ ಉಸಾಬರಿಯೂ ಅವಳದೇ. ಇಲ್ಲ ಎಂದೆ. "ಹಾಗಾದ್ರೆ ಅವರ ಬಾಯಿಗೂ ಗೋರೆ ಹಾಕ್ಬೇಕು ಬಿಡು." ನಕ್ಕು ನಕ್ಕು ಬುಟ್ಟಿ ಮಗುಚಿತು.

ಜನವರಿ 27

ಸತ್ತ ನೀರು. ಚಂದ್ರ ಅರ್ಧ, ಸಮುದ್ರಕ್ಕೂ ಅರೆಮನಸ್ಸು — ನೀರು ಇಳಿಯದು, ಕೆಲಸವಿಲ್ಲ. ಅಮಾದೋರ್ ಊಟಕ್ಕೆ ಬಂದರು. ಔರೆನ್ಸೆಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ಒಳನಾಡಿನ ಮನುಷ್ಯ. ಎರಡು ವರ್ಷದಿಂದ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾರೆ. ಎಲೆಕೋಸಿನ ಸಾರು ಮುಗಿಯಿತೋ ಇಲ್ಲವೋ, ಮೇಜಿನ ಮೇಲೆ ಪಾಠ ಶುರು. ಕಿತ್ತಳೆ ಭೂಮಿ, ಕಡಲೆಕಾಳು ಚಂದ್ರ, ರೊಟ್ಟಿ ಸೂರ್ಯ.

"ಚಂದ್ರ ಯಾವಾಗ್ಲೂ ನಮ್ಮ ಕಡೆ ಬೀಳ್ತಾನೇ ಇರ್ತಾನೆ ದೋಸಿಂದಾ. ಜೊತೆಗೆ ಅಡ್ಡಡ್ಡ ಓಡ್ತಾನೆ ನೋಡು, ಅದಕ್ಕೇ ತಾಗೋದಿಲ್ಲ, ಸುತ್ತುತ್ತಾ ಇರ್ತಾನೆ. ಅವನ ಎಳೆತಕ್ಕೆ ಭೂಮೀನೂ ಸ್ವಲ್ಪ ಅಲುಗುತ್ತೆ. ಒಬ್ಬರು ಮಾತ್ರ ಎಳೆಯೋದು, ಇನ್ನೊಬ್ಬರು ಗೂಟದ ಹಾಗೆ ನಿಲ್ಲೋದು, ಹಾಗಿಲ್ಲ."

"ಮತ್ತೆ ಈ ರೊಟ್ಟಿ?"

"ಸೂರ್ಯ ದೂರ. ಸಮುದ್ರಾನ ಏರಿಸಿ ಇಳಿಸೋದ್ರಲ್ಲಿ ಅವನ ಪಾಲು ಚಂದ್ರನ ಅರ್ಧದಷ್ಟೂ ಇಲ್ಲ. ಆದ್ರೆ ಅಮಾವಾಸ್ಯೆ ದಿನ ಇಬ್ಬರೂ ಒಂದೇ ಸಾಲಲ್ಲಿ ನಿಂತು ಸಮುದ್ರಾನ ಎಳೀತಾರೆ. ಮಾರ್ಚ್ ಹದಿನೆಂಟಕ್ಕೆ ಹಾಗೇ ಆಗುತ್ತೆ. ಅವತ್ತು... ನಾವೂ ಚರ್ಚಲ್ಲಿ ಸಾಲಾಗಿ ನಿಂತ್ರೆ?"

ಚಂದ್ರನನ್ನು ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟೆ. ಆಮೇಲೆ ಹೂಂ ಎಂದೆ. ಐವತ್ತೇಳಕ್ಕೆ ಹೀಗೆ ಎದೆ ಹೊಡೆದುಕೊಳ್ಳುತ್ತದೆಂದು ಯಾರಾದರೂ ಹೇಳಬಾರದಿತ್ತೇ!

ಫೆಬ್ರುವರಿ 6

ಹೆಂಗಸರಿಗೆ ಹೇಳಿದೆ. ಕೇಕೆ ಹಾಕಿದರು. "ಹದಿನೆಂಟು ಸರಿ ಹೋಯ್ತು. ಹೊರದಿಬ್ಬ ನೀರಿಂದ ಏಳೋದು ಇಪ್ಪತ್ತಕ್ಕೆ ತಾನೆ" ಅಂದಳು ಪೆರೆಗ್ರಿನಾ.

ಸಂಜೆ ಅಮಾದೋರರನ್ನು ರೇಗಿಸಿದೆ — ನಿಮ್ಮ ಆಕಾಶ ಸಾಲಾಗೋದು ಹದಿನೆಂಟಕ್ಕೆ, ನಮ್ಮ ಸಮುದ್ರ ಪೂರ್ತಿ ಇಳಿಯೋದು ಇಪ್ಪತ್ತಕ್ಕೆ. ಅದಕ್ಕೆ ಮೈಭಾರ, ಕರೆದ ತಕ್ಷಣ ಏಳೋದಿಲ್ಲ. "ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿಲ್ಲ" ಎಂದರು. ಆಮೇಲೆ ಯೋಚನೆಗೆ ಬಿದ್ದರು.

ಫೆಬ್ರುವರಿ 21

ಕೆಟ್ಟಿತು. ಅವತ್ತು ಅಮಾದೋರ್ ಯೋಚನೆಗೆ ಬಿದ್ದಾಗಲೇ ನಾನು ಎಚ್ಚರವಾಗಬೇಕಿತ್ತು. ನನಗೆ ಹೇಳದೆ ಪಾದ್ರಿಯ ಹತ್ತಿರ ಹೋಗಿ ಮದುವೆಯನ್ನು ಇಪ್ಪತ್ತಕ್ಕೆ ಹಾಕಿಸಿದ್ದಾರೆ. ಮಧ್ಯಾಹ್ನ ಹನ್ನೆರಡಕ್ಕೆ! "ಆಕಾಶದ ದಿನ ಬೇಡ, ನಿನ್ನ ಸಮುದ್ರದ ದಿನ" — ಮುಖ ಹೂವಾಗಿತ್ತು.

ಹೊರದಿಬ್ಬದ ವಿಷಯ ನಾನೇ ಹೇಳಿರಲಿಲ್ಲ. ಇಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಹುಟ್ಟಿದವರಿಗೆಲ್ಲ ಗೊತ್ತು — ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್‌ನಲ್ಲೊಮ್ಮೆ ದಿಬ್ಬ ನೀರಿಂದ ಮೇಲೇಳುತ್ತದೆ. ಅವತ್ತು ಒಬ್ಬಳೂ ಮನೆಯಲ್ಲಿರುವುದಿಲ್ಲ. ಇಳಿತ ಸರಿಯಾಗಿ ಹನ್ನೆರಡಕ್ಕೆ.

ಹದಿನೆಂಟನ್ನು ಪಾದ್ರಿ ಆಗಲೇ ಬೇರೆ ಮದುವೆಗೆ ಕೊಟ್ಟಾಗಿದೆ. ಅಮಾದೋರರ ಕಡೆಯವರಿಗೆ ಇಪ್ಪತ್ತಕ್ಕೇ ಹೋಟೆಲಿನ ಕೋಣೆ.

ಫೆಬ್ರುವರಿ 22

"ನೀನು ಹೋಗಿ ಮದುವೆ ಆಗೇ. ನಿನ್ನ ಪಾಲಿಂದು ನಾವು ಹೆಕ್ತೀವಿ" — ಪೆರೆಗ್ರಿನಾ. ಮುಖ ನೋಡದೆ ಹೇಳಿದಳು.

ಈ ಹೆಂಗಸರಿಲ್ಲದ ಚರ್ಚು ನನಗೆ ಬೇಡ. ಇನ್ನೊಂದು ನಿಜವನ್ನೂ ಬರೆದುಬಿಡುತ್ತೇನೆ: ದಿಬ್ಬ ತಪ್ಪಿಸಿಕೊಳ್ಳಲು ನನಗೇ ಇಷ್ಟವಿಲ್ಲ. ಮದುವಣಗಿತ್ತಿ ಯೋಚಿಸುವ ಮಾತೇ ಇದು?

ಮಾರ್ಚ್ 5

ಇಷ್ಟು ದಿನ ಅಮಾದೋರರ ಜೊತೆ ಮಾತು ಬಿಟ್ಟಿದ್ದೆ. ಇವತ್ತು ದಡಕ್ಕೇ ಬಂದರು, ಒಳ್ಳೆಯ ಶೂ ಹಾಕಿಕೊಂಡು ಕೆಸರಿಗೆ. ಎಲ್ಲ ಹೇಳಿದೆ, ಎಲ್ಲರೆದುರಿಗೇ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಅಂದ್ರೆ ನಾನು ಹುಡುಕಿ ಹುಡುಕಿ ಒಬ್ಬರೂ ಬರದ ದಿನಾನೇ ಆರಿಸಿದೀನಿ."

"ವಿಜ್ಞಾನದ ಮೇಷ್ಟ್ರಲ್ವಾ, ಲೆಕ್ಕ ಒಂದು ನಿಮಿಷಾನೂ ತಪ್ಪಿಲ್ಲ" ಅಂದಳು ಪೆರೆಗ್ರಿನಾ. ಮೊದಲು ನಕ್ಕದ್ದು ಅವರೇ. ನನ್ನ ಕೋಪ ಎಲ್ಲಿ ಹೋಯಿತೋ.

ಮಾರ್ಚ್ 12

ಪಾದ್ರಿ ಎಲಾದಿಯೋ ನಾಲ್ಕು ಊರಿಗೆ ಒಬ್ಬರೇ. ಇಪ್ಪತ್ತರ ಸಂಜೆ ಆರು ಗಂಟೆ ಗುಡ್ಡದ ಮೇಲಿನ ಮುದುಕ ಮುದುಕಿಗೆ ಮೀಸಲು — ಮದುವೆಯಾಗಿ ಐವತ್ತು ವರ್ಷ ತುಂಬಿದ ಪೂಜೆ. ಅಮಾದೋರ್ ಗುಡ್ಡ ಹತ್ತಿ ಹೋಗಿ ಅವರ ಅಡುಗೆಮನೆಯಲ್ಲಿ ಕೂತರಂತೆ. ವೈನ್ ಕುಡಿಸಿದರಂತೆ. ಕೊನೆಗೆ ಮುದುಕಿ, "ಆರಕ್ಕೆಲ್ಲ ನಮ್ಮೆಜಮಾನ್ರು ನಿದ್ದೆ ಮಾಡ್ತಾರಪ್ಪ. ಮಧ್ಯಾಹ್ನಾನೇ ನಮಗೆ ಕೊಡು. ಆದ್ರೆ ದಿಬ್ಬದ ಚಿಪ್ಪು ಒಂದು ಚೀಲ ಬೇಕು!"

ಇನ್ನು ನಮ್ಮ ಮದುವೆ ಸಂಜೆ ಆರಕ್ಕೆ. ಆಗ ನೀರು ತುಂಬಿರುತ್ತದೆ. ಭರತದಲ್ಲಿ ನಮಗೇನೂ ಕೆಲಸವಿಲ್ಲ. ಚೀಲವೂ ಬೇಕಲ್ಲ, ಇನ್ನು ನಾನು ದಿಬ್ಬಕ್ಕೆ ಹೋಗಲೇಬೇಕು! ಅಮಾದೋರರನ್ನು ಪೆರೆಗ್ರಿನಾ ಎಲ್ಲರೆದುರಿಗೆ ಅಪ್ಪಿಕೊಂಡಳು.

ಮಾರ್ಚ್ 20, ಸಂಜೆ ನಾಲ್ಕೂವರೆ

ದಿಬ್ಬ ಎದ್ದಿತು. ಹೊಳೆಯುತ್ತಿತ್ತು. ಅಮಾದೋರರ ತಾಯಿ ಎರುಂದಿನಮ್ಮ ದಡದಲ್ಲಿ ಕುರ್ಚಿ ಹಾಕಿ ಕೂತು ಎಲ್ಲ ನೋಡಿದರು. ಎಂಬತ್ತಾರು ವರ್ಷ, ಸಮುದ್ರ ಹೀಗೆ ಎದ್ದು ಹೋಗುವುದನ್ನು ಕಂಡವರಲ್ಲ. "ಏನಮ್ಮ ಇದು, ಇಷ್ಟು ನೀರು ಯಾರು ಎಳ್ಕೊಂಡು ಹೋದ್ರು?" "ನಿಮ್ಮ ಮಗನ್ನ ಕೇಳಿ, ಕಡಲೆಕಾಳು ಇಟ್ಟು ಹೇಳ್ತಾರೆ" ಎಂದೆ.

ಮಗ ದಡದಲ್ಲಿ ಕೂರುವವರೇ? ಪೆರೆಗ್ರಿನಾಳ ಗಂಡನ ಉದ್ದ ಬೂಟು ಹಾಕಿಕೊಂಡು ದಿಬ್ಬಕ್ಕೇ ಬಂದರು. ಹತ್ತು ಹೆಜ್ಜೆ. ಹೂತುಹೋದರು. ಅತ್ತ ನೀರು ತಿರುಗಿತ್ತು. ನಾನು ಅವರ ಕೈ ಹಿಡಿದೆ, ಪೆರೆಗ್ರಿನಾ ನನ್ನ ಸೊಂಟ, ಅವಳ ಹಿಂದೆ ಉಳಿದವರೆಲ್ಲ, ಒಂದೇ ಸಾಲು. "ಎಳೀರೇ, ಮದುಮಗ ಮುಳುಗ್ತಾನೆ!" ಒಂದು ಕಾಲು ಬಂತು. ಇನ್ನೊಂದು ಬಂತು, ಬೂಟು ಬರಲಿಲ್ಲ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಬಿದ್ದೆವು. ಅಷ್ಟು ನಕ್ಕದ್ದು ನೆನಪಿಲ್ಲ.

ಚೀಲ ಗುಡ್ಡಕ್ಕೆ ಹೋಯಿತು. ಉಗುರಿನ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಇರಲಿ, ಉಂಗುರ ಹಾಕುವವರಿಗೆ ಗೊತ್ತಿದ್ದದ್ದೇ. ಸಂತೋಷವಾಗಿದೆ. ತುಂಬ.

ಹೊರಗೆ ಪೆರೆಗ್ರಿನಾ ಕೂಗುತ್ತಿದ್ದಾಳೆ — ಕೆದರಿದ ಕೂದಲಲ್ಲೇ ಮದುವೆಯಾಗ್ತೀಯೇನೇ, ಬೂಟು ಯಾರು ಕೊಡ್ತಾರೆ ನನಗೆ? ಅದೀಗ ನೀರಿನಡಿ. ದಿಬ್ಬ ಇನ್ನು ಏಳುವುದು ಸೆಪ್ಟೆಂಬರ್‌ಗೆ. ಹುಡುಕಲು ನಾನೇ ಬರ್ತೀನಿ ಎಂದಿದ್ದಾರೆ ಅಮಾದೋರ್. ಒಬ್ಬರನ್ನೇ ಕಳಿಸಿದರೆ ಮತ್ತೆ ಹೂತುಕೊಳ್ಳುತ್ತಾರೆ, ನಾವಿಬ್ಬರೂ ಕೈ ಹಿಡಿದುಕೊಂಡು—